ಹಿತ್ತಾಳೆ ಬಿಲ್ಲೆಯ ಕೊನೆಯ ಅಂಕಿ

ನಮ್ಮ ಮನೆಯಲ್ಲಿ ಒಂದು ಕಥೆ ಇದೆ. ಶಹಾಪುರದ ಗುಡ್ಡದಿಂದ ಕಲ್ಲು ಸಾಗಿಸಲಿಕ್ಕೆಂದೇ ಇಂಗ್ಲೆಂಡಿನ ಒಂದು ಕಂಪನಿ ಅಳತೆ ತೆಗೆದುಕೊಂಡು ಸಣ್ಣದೊಂದು ಉಗಿ ಇಂಜಿನ್ನು ಮಾಡಿ ಕಳಿಸಿತು. ಅದು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ನಲವತ್ತು ಎತ್ತು ಕಟ್ಟಿ ಭೀಮಾ ನದಿ ದಾಟಿಸಿದರು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಅದನ್ನು ಒಂದು ದಿನವೂ ಕೆಡದಂತೆ ಓಡಿಸಿದ. ಕಲ್ಲಿನ ಕೆಲಸ ಮುಗಿದು ಇಂಜಿನ್ನು ಒಡೆಯುವ ದಿನ ಬಂದಾಗ ಕಂಪನಿಯ ಸಾಹೇಬ ತಾನೇ ಬಂದು, ಅದರ ಹಣೆಯ ಮೇಲಿದ್ದ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿ ಮುತ್ಯಾನ ಕೈಗಿತ್ತು, "ಇದು ನಿನಗೆ ಇನಾಮು" ಎಂದ.

ಬಿಲ್ಲೆ ಇದೆ. ಅಷ್ಟನ್ನು ಒಪ್ಪುತ್ತೇನೆ. ಉಳಿದ ಯಾವ ವಾಕ್ಯವನ್ನೂ ನಾನು ಒಪ್ಪುವುದಿಲ್ಲ.

ಎತ್ತುಗಳನ್ನೇ ತೆಗೆದುಕೊಳ್ಳಿ. ನಾನು ಕನ್ನಡ ಶಾಲೆಯಲ್ಲಿದ್ದಾಗ ಅವು ಇಪ್ಪತ್ತು ಇದ್ದವು. ಅಕ್ಕನ ಮದುವೆಯ ಹಂದರದಲ್ಲಿ ಬೀಗರ ಮುಂದೆ ಕಥೆ ಹೇಳುವಾಗ ಮೂವತ್ತಾದವು. ಈಗ ನಲವತ್ತು. ಊರಲ್ಲಿ ಎತ್ತು ಕಡಿಮೆಯಾದಷ್ಟೂ ಕಥೆಯಲ್ಲಿ ಹೆಚ್ಚಾಗುತ್ತಿವೆ. ಇನ್ನು ಸಾಹೇಬ. ನಮ್ಮ ಸೀಮೆ ಇಂಗ್ಲಿಷರ ಕೈಯಲ್ಲಿ ನೇರವಾಗಿ ಇರಲೇ ಇಲ್ಲ, ನಿಜಾಮರದು. ಮುತ್ಯಾ ಇಂಜಿನ್ನು ಓಡಿಸುವ ಹೊತ್ತಿಗೆ ಅವರೂ ಇವರೂ ಇಬ್ಬರೂ ಹೋಗಿ ವರ್ಷಗಳಾಗಿದ್ದವು. ಕಲ್ಲಿನ ಕಣಿ, ಅಂದರೆ ಕಲ್ಲು ಒಡೆಯುವ ಕ್ವಾರಿ, ಒಬ್ಬ ಗುತ್ತೇದಾರನದು. ಹಾಗಾದರೆ ಬಿಲ್ಲೆ ಬಿಚ್ಚಿದ ಸಾಹೇಬ ಯಾರು, ಎಲ್ಲಿಂದ ಬಂದ? ಈ ಪ್ರಶ್ನೆಯನ್ನು ಒಮ್ಮೆ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಕೇಳಿದ್ದೆ. "ಸಾಹೇಬ ಅಂದ್ರ ಸಾಹೇಬ ಬೇ. ಅವ ಎಲ್ಲಿಂದ ಬಂದ ಅಂತ ಕೇಳೂದಲ್ಲ, ಬಂದಾಗ ಎದ್ದು ನಿಂದರೂದು," ಎಂದಿದ್ದ.

ಎದುರು ಮನೆಯಲ್ಲಿ ಇದೇ ಬಿಲ್ಲೆಗೆ ಇನ್ನೊಂದು ಕಥೆ ಇದೆ. ಅದು ಬಹಳ ಚಿಕ್ಕದು: ನಮ್ಮ ಮುತ್ಯಾ ಅದನ್ನು ಕದ್ದ. ಎದುರು ಮನೆಯ ಅಜ್ಜನ ಅಪ್ಪ ಅದೇ ಕಣಿಯಲ್ಲಿ ಮೇಸ್ತ್ರಿಯಾಗಿದ್ದನಂತೆ. ಬಿಲ್ಲೆ ಕಾಣೆಯಾದಾಗ ಗುತ್ತೇದಾರನ ಮಂದಿ ಓಣಿಯ ಮನೆ ಮನೆ ಹುಡುಕಿದರಂತೆ. ದಸರೆಯ ಖಂಡೆ ಪೂಜೆಗೆ ನಾವು ಬಿಲ್ಲೆ ಹೊರಗೆ ತೆಗೆಯುತ್ತೇವೆ. ಕುಂಟೆ, ಕುಡುಗೋಲು, ಕಾಕಾನ ನಟ್ಟು ತಿರುಗಿಸುವ ಪಾನಾಗಳು, ಈಚೆಗೆ ನನ್ನ ಕಾನೂನು ಪುಸ್ತಕ, ಎಲ್ಲದರ ನಡುವೆ ಅದಕ್ಕೆ ಕುಂಕುಮ. ಅದರ ಹಿಂದಿನ ದಿನ ಆಯಿ, ನನ್ನ ಅಜ್ಜಿ, ಅಂಗಳದಲ್ಲಿ ಕೂತು ಹುಣಸೆಹಣ್ಣು ಬೂದಿ ಹಾಕಿ ತಿಕ್ಕುತ್ತಾಳೆ. ಗ್ಯಾಸ್ ಬಂದ ಮೇಲೆ ನಮ್ಮ ಮನೆಯಲ್ಲಿ ಬೂದಿ ಇಲ್ಲ. ಓಣಿಯ ಕೊನೆಗೆ ರೊಟ್ಟಿ ಮಾಡಿ ಮಾರುವಾಕೆಯ ಒಲೆಯಿಂದ ತರುತ್ತಾಳೆ. ಆಗ ಎದುರು ಕಟ್ಟೆಯ ಮೇಲಿಂದ ಅಜ್ಜನ ದನಿ ತಪ್ಪದೆ ಬರುತ್ತದೆ:

"ತೊಳೀಯವ್ವಾ, ತೊಳಿ. ಎಷ್ಟು ತೊಳದ್ರೂ ಕಳವಿನ ಮಾಲು ಇನಾಮು ಆಗೂದಿಲ್ಲ."

"ನಿನ್ನ ಬಾಯಿಗೂ ಒಂದೀಟು ಹುಣಸಿಹಣ್ಣು ಹಚ್ಚಲೇನೋ?" ಎಂದು ಆಯಿ ತಲೆ ಎತ್ತದೆ ಕೇಳುತ್ತಾಳೆ. ಇಬ್ಬರೂ ನಗುತ್ತಾರೆ. ಆದರೆ ಅವಳ ಕೈ ಆಮೇಲೆ ಸ್ವಲ್ಪ ಜೋರಾಗಿ ಓಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಎದುರು ಮನೆಯ ಕಥೆಯನ್ನೂ ನಾನು ಒಪ್ಪುತ್ತಿರಲಿಲ್ಲ. ಅದಕ್ಕೂ ಪುರಾವೆ ಇರಲಿಲ್ಲ. ಹುಡುಕಿದರು ಎನ್ನುವವರು ಸಿಕ್ಕಿತು ಎನ್ನುವುದಿಲ್ಲ.

ನಾನು ಸುರಪುರದ ಕಾಲೇಜಿನಲ್ಲಿ ಓದಿದವಳು. ಅಲ್ಲಿ ಪಾಠಕ್ಕಿಂತ ಹೆಚ್ಚು ಚರ್ಚಾಸ್ಪರ್ಧೆ ಕಲಿತೆ. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ತಿಳಿಯುತ್ತಿತ್ತು. ಎತ್ತಿದ ಐದು ನಿಮಿಷಕ್ಕೆ ಆ ಮಾತನ್ನು ಪ್ರಾಣಕ್ಕಿಂತ ಹೆಚ್ಚು ನಂಬಬೇಕಿತ್ತು. ಈ ವಿದ್ಯೆಯಿಂದ ಕಪಾಟಿನ ಮೇಲೆ ಒಂದಷ್ಟು ಕಪ್ಪುಗಳು ಬಂದವು, ಮನೆಯಲ್ಲಿ ಊಟದ ಹೊತ್ತಿನ ನೆಮ್ಮದಿ ಹೋಯಿತು. ಈಗ ಯಾದಗಿರಿಯಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಜೂನಿಯರ್ ಆಗಿದ್ದೇನೆ. ಶನಿವಾರ ಸಂಜೆ ಶಹಾಪುರಕ್ಕೆ ಬರುತ್ತೇನೆ, ಸೋಮವಾರ ಮೊದಲ ಬಸ್ಸಿಗೆ ಹೋಗುತ್ತೇನೆ.

ಹೋದ ವರ್ಷ ಸುರಪುರದ ಕಾಲೇಜಿನಿಂದ ನನ್ನ ಇತಿಹಾಸದ ಮೇಡಂ ಫೋನ್ ಮಾಡಿದರು. ಊರೂರಿನ ಹಳೆಯ ಸಾಮಾನುಗಳಿಗಾಗಿ ಒಂದು ಕೋಣೆ ತೆಗೆದಿದ್ದಾರೆ, ನಿಮ್ಮ ಮನೆಯ ಬಿಲ್ಲೆ ಕೊಡುತ್ತೀರಾ, ಅದರ ಕೆಳಗೆ ಹಾಕುವ ನಾಲ್ಕು ಸಾಲಿನ ಚೀಟಿ ನೀನೇ ಬರಿ ಎಂದರು. ಆಯಿ ಬಿಲ್ಲೆ ಕೊಡುವುದಿಲ್ಲ ಎಂದುಕೊಂಡಿದ್ದೆ. ಅವಳು ತಕ್ಷಣ ಒಪ್ಪಿದಳು, ಒಂದೇ ಒಂದು ಷರತ್ತು ಹಾಕಿ.

"ನಾಕು ಸಾಲಿನ್ಯಾಗ ಒಂದು ಮಾತು ಇರಬೇಕು. ಇನಾಮು. ಉಳದದ್ದು ನಿನಗ ತಿಳದಂಗ ಬರಿ."

"ಪುರಾವಿ ಏನದ ಆಯಿ?"

"ನಾ ಇದ್ದೀನಲ್ಲ, ಜೀವಂತ ಕುಂತೀನಿ."

"ಕೊಟ್ಟ ದಿನ ನೀ ಅಲ್ಲಿದ್ದೇನು?"

"ಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದೆ."

"ಅಂದ್ರ ನೀ ನೋಡಿಲ್ಲ."

"ನಿಮ್ಮಪ್ಪ ಹುಟ್ಟಿದ್ದು ನೀ ನೋಡೀಯೇನು? ಮತ್ತ ಅವ ಹುಟ್ಟ್ಯಾನಂತ ನಂಬಿಲ್ಲೇನು?"

ಕಾಕಾ ಚಪ್ಪಾಳೆ ತಟ್ಟಿದ. ನಾನು ಇಷ್ಟು ಚೊಕ್ಕಟವಾಗಿ ಸೋತದ್ದು ಕಡಿಮೆ. ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಅರವತ್ತು ವರ್ಷಗಳಿಗೆ ಹತ್ತಿರ ಎದುರು ಕಟ್ಟೆಯ ಮಾತು ಕೇಳಿದವಳಿಗೆ ಸರಕಾರಿ ಗೋಡೆಯ ಮೇಲೆ, ಅಚ್ಚಿನ ಅಕ್ಷರದಲ್ಲಿ, ಆ ಒಂದು ಮಾತು ಬೇಕಿತ್ತು. ನನಗೆ ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ ಎಂದೆ. ಗೊತ್ತು ಮಾಡಿಕೋ ಎಂದಳು.

ಬಿಲ್ಲೆ ಎರಡು ಅಂಗೈ ಅಗಲದ, ಮೊಟ್ಟೆಯಾಕಾರದ್ದು. ಅದರ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರಗಳಲ್ಲಿ ಕಾರ್ಖಾನೆಯ ಹೆಸರು, ಕೆಳಗೆ ಊರಿನ ಹೆಸರು. ಆ ಹೆಸರನ್ನು ಹಿಡಿದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೆ ಅದರ ಲೆಕ್ಕದ ಪುಸ್ತಕಗಳನ್ನು ಜೋಪಾನ ಮಾಡುವ ಹವ್ಯಾಸಿಗಳ ಸಂಘವೊಂದಿದೆ. ನಿವೃತ್ತ ಶಾಲಾ ಮಾಸ್ತರರೊಬ್ಬರು ನನ್ನ ಮೇಲ್‌ಗೆ ಎರಡೇ ದಿನದಲ್ಲಿ ಉತ್ತರ ಬರೆದರು. ಆಯಿ ಅವರಿಗೆ 'ನಿನ್ನ ಇಂಗ್ಲೆಂಡ್ ಮುತ್ಯಾ' ಎಂದು ಹೆಸರಿಟ್ಟಳು.

ಇಂಗ್ಲೆಂಡ್ ಮುತ್ಯಾ ಹೇಳಿದ ಕಥೆಯೇ ಬೇರೆ. ಆ ಕಾರ್ಖಾನೆ ಕಾಲುವೆಯ ದಂಡೆಯ ಒಂದು ಸಣ್ಣ ಊರಿನಲ್ಲಿ ಗಿರಣಿಯ ಗಾಲಿ, ಹೊಲದ ಯಂತ್ರ ರಿಪೇರಿ ಮಾಡುವ ಅಂಗಡಿಯಾಗಿ ಶುರುವಾಯಿತು. ದೊಡ್ಡ ರೈಲಿನ ಇಂಜಿನ್ನು ಕಟ್ಟುವ ದೊಡ್ಡ ಮಂದಿ ಆಗಲೇ ಇದ್ದರು. ಅವರ ಎದುರು ನಿಲ್ಲುವ ಶಕ್ತಿ ಇವರಿಗಿರಲಿಲ್ಲ. ಹಾಗಾಗಿ ದೊಡ್ಡವರು ಬೇಡವೆಂದ ಕೆಲಸ ಹಿಡಿದರು: ಎರಡೇ ಅಡಿ ಅಗಲದ ಹಳಿಯ ಮೇಲೆ, ಕಲ್ಲಿನ ಕಣಿ, ಚಹದ ತೋಟ, ಕಬ್ಬಿನ ಗದ್ದೆ, ಇಟ್ಟಿಗೆ ಭಟ್ಟಿಗಳಲ್ಲಿ ತೆವಳುವ ಇಂಜಿನ್ನುಗಳು. ನಾಲ್ಕು ಗಾಲಿ, ಕತ್ತೆಯ ಬೆನ್ನಿಗೆ ಹೇರಿದಂತೆ ಬಾಯ್ಲರಿನ ಮೇಲೆ ನೀರಿನ ತೊಟ್ಟಿ, ಒಬ್ಬ ನಿಂತರೆ ಇನ್ನೊಬ್ಬ ಓರೆಯಾಗಬೇಕಾದ ಡ್ರೈವರನ ಗೂಡು.

ಯಾವ ಗುಡ್ಡದ ಅಳತೆಯನ್ನೂ ಅವರು ತೆಗೆದುಕೊಳ್ಳುತ್ತಿರಲಿಲ್ಲ. ಅವರದೊಂದು ಚಿತ್ರಪಟ್ಟಿ ಇತ್ತು. ಸೀರೆ ಅಂಗಡಿಯಲ್ಲಿ ನಮೂನೆ ತೋರಿಸಿದ ಹಾಗೆ ಆರೇಳು ನಮೂನೆ, ಪ್ರತಿಯೊಂದಕ್ಕೂ ಒಂದು ಗುಟ್ಟಿನ ಪದ. ತಂತಿಯಲ್ಲಿ ಪದಕ್ಕಿಷ್ಟು ಎಂದು ದುಡ್ಡು ಕೊಡಬೇಕಾದ ಕಾಲ. ಮುಂಬಯಿಯ ಏಜೆಂಟ ಉದ್ದ ಬರೆಯದೆ ಆ ಒಂದು ಪದ ಕಳಿಸಿದರೆ ಸಾಕು, ಅಲ್ಲಿಂದ ಇಂಜಿನ್ನು ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಹಡಗು ಹತ್ತುತ್ತಿತ್ತು. ಶಹಾಪುರದ ಗುಡ್ಡದಲ್ಲಿ ಓಡಿದ ನಮೂನೆಯೇ ಯಾವುದೋ ದ್ವೀಪದ ಕಬ್ಬಿನ ನಡುವೆಯೂ ಓಡುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಕಂದಕಗಳಿಗೆ ಮದ್ದುಗುಂಡು ಹೊತ್ತದ್ದೂ ಇಂಥವೇ. ಆಗ ಹಗಲು ರಾತ್ರಿ ಕೆಲಸ. ಯುದ್ಧ ಮುಗಿದಾಗ ಉಳಿದ ಇಂಜಿನ್ನುಗಳು ಅಗ್ಗಕ್ಕೆ ಮಾರಾಟವಾಗಿ ಹೊಸದನ್ನು ಕೇಳುವವರಿಲ್ಲವಾದರು. ತಾನು ಮಾಡಿದ ಮಾಲೇ ತನಗೆ ಎದುರಾಳಿಯಾಯಿತು ಎಂದು ಮಾಸ್ತರರು ಬರೆದಿದ್ದರು. ಆಮೇಲೆ ಲಾರಿ ಬಂತು. ಕಾರ್ಖಾನೆ ಡೀಸೆಲ್ ಇಂಜಿನ್ನಿಗೆ ಕೈ ಹಾಕಿತು, ಒಬ್ಬ ದೊಡ್ಡವನ ಕೈಗೆ ಹೋಯಿತು, ಕೊನೆಗೆ ಬಾಗಿಲು ಹಾಕಿತು. ರದ್ದಿಗೆ ಹೊರಟಿದ್ದ ಪುಸ್ತಕಗಳನ್ನು ಅಲ್ಲಿಯ ನೌಕರರಿಬ್ಬರು ಸೈಕಲ್ಲಿನ ಮೇಲೆ ಮನೆಗೆ ಸಾಗಿಸಿದ್ದರಿಂದ ಇಷ್ಟಾದರೂ ಉಳಿದಿದೆ.

ನಮ್ಮ ಕಥೆಯ ಹಣೆಯೂ ಸುಳ್ಳಾಯಿತು. ಬಿಲ್ಲೆ ಇರುತ್ತಿದ್ದುದು ಗೂಡಿನ ಪಕ್ಕಕ್ಕೆ, ಎಡಕ್ಕೊಂದು ಬಲಕ್ಕೊಂದು. ಬಿಲ್ಲೆಯ ನಡುವೆ ಒಂದು ನಂಬರು ಇರಬೇಕು ಎಂದು ಅವರು ಬರೆದಿದ್ದರು. ಕಾರ್ಖಾನೆ ತಾನು ಕಟ್ಟಿದ ಪ್ರತಿ ಇಂಜಿನ್ನಿಗೂ ಸರದಿಯಂತೆ ನಂಬರು ಕೊಡುತ್ತಿತ್ತು, ಅದನ್ನು ಅಚ್ಚಿನಿಂದ ಹೊಡೆದು ಒಳಗೆ ತಗ್ಗು ಮಾಡುತ್ತಿದ್ದರು. ಅದೊಂದು ಸಿಕ್ಕರೆ ಯಾವಾಗ ಕಟ್ಟಿದ್ದು, ಯಾರಿಗೆ ಹೋಯಿತು, ಏನು ಬಣ್ಣ, ಎಲ್ಲ ಹೇಳಬಹುದು. ಸಿಗದಿದ್ದರೆ ಇದು ಆ ಕಾರ್ಖಾನೆಯ ಯಾವುದೋ ಒಂದು ಇಂಜಿನ್ನಿನ ಬಿಲ್ಲೆ, ಅಷ್ಟೇ.

ನಂಬರಿನ ಜಾಗ ನುಣ್ಣಗಿತ್ತು.

ಬಿಲ್ಲೆಯ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ನೋಡಲು ಅವರು ಹೇಳಿದರು. ಉಜ್ಜಿದೆ. ಹೆಸರು ಮೂಡಿತು, ಊರು ಮೂಡಿತು. ನಡುವೆ ಬರೀ ಬೂದು. ಕ್ಷಮಿಸಿ, ಅರವತ್ತು ದಸರೆಗಳ ಹುಣಸೆಹಣ್ಣು ನಿಮ್ಮ ನಂಬರನ್ನು ತಿಂದುಹಾಕಿದೆ, ನೀವು ಬರೆದಿಟ್ಟುಕೊಳ್ಳುವ ಮಂದಿ, ನಾವು ತಿಕ್ಕಿಟ್ಟುಕೊಳ್ಳುವ ಮಂದಿ ಎಂದು ಅವರಿಗೆ ಬರೆದೆ. ಆ ವಾಕ್ಯ ನನಗೆ ಬಹಳ ಹಿಡಿಸಿತ್ತು. ಒಂದು ಭಾನುವಾರ ಅದನ್ನು ಕಾಕಾನಿಗೂ ಓದಿ ಹೇಳಿದೆ.

ಕಾಕಾ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಓದಿದ್ದು ಐಟಿಐ. ಲೋಹದ ವಿಷಯದಲ್ಲಿ ಮಾತ್ರ ಅವನು ಹಾಸ್ಯ ಮಾಡುವುದಿಲ್ಲ. ಬಿಲ್ಲೆಯನ್ನು ಬಿಸಿಲಿಗೆ ಓರೆ ಹಿಡಿದು ನೋಡಿದ. ಹೆಬ್ಬೆರಳು ಆಡಿಸಿದ.

"ವಕೀಲವ್ವಾ, ನಿನ್ನ ಕೇಸು ಬಿದ್ದುಹೋತು."

"ಯಾಕ?"

"ಹೆಸರು ಉಬ್ಬಿಕೊಂಡದ. ನಂಬರು ತಗ್ಗಿನ್ಯಾಗ ಇತ್ತು ಅಂತಿ. ತಿಕ್ಕೋ ಕೈ ಮೊದಲು ಯಾವುದಕ್ಕ ಹತ್ತತದ?"

"ಉಬ್ಬಿದ್ದಕ್ಕ."

"ಮತ್ತ ಉಬ್ಬಿದ್ದು ಹಂಗಾ ಉಳದು ತಗ್ಗಿನ್ಯಾಗಿಂದು ಹೆಂಗ ಸವೀತದ? ಹುಣಸಿಹಣ್ಣಿಗೇನು ನಿನ್ನ ನಂಬರಿನ ಮ್ಯಾಲ ಹಗೀತನ ಅದ ಏನು?" ಅವನು ಬಿಲ್ಲೆಯನ್ನು ನನ್ನ ಕಣ್ಣಿಗೆ ಹಿಡಿದ. "ಇಲ್ಲಿ ಗೆರಿ ನೋಡು. ತಿಕ್ಕಿದ ಗೆರಿ ಗುಂಡಗ ಇರತಾವ. ಇವು ನೆಟ್ಟಗ ಅವ, ಒಂದಾ ಕಡಿಗಿ ಹೊಂಟಾವ. ಇದು ಹುಣಸಿಹಣ್ಣಿನ ಕೆಲಸ ಅಲ್ಲ ಬೇ, ಅರದ ಕೆಲಸ. ಯಾರೋ ಕುಂತು ಉಜ್ಜ್ಯಾರ."

ಅರ ಎಂದರೆ ಕಬ್ಬಿಣ ಉಜ್ಜುವ ಉಕ್ಕಿನ ಪಟ್ಟಿ. ಮುತ್ಯಾನ ಕಟ್ಟಿಗೆ ಪೆಟ್ಟಿಗೆಯಲ್ಲಿ ಅಂಥವು ಮೂರು ಇನ್ನೂ ಇವೆ. ನಂಬರು ಇಲ್ಲದ ಬಿಲ್ಲೆಯನ್ನು ಹುಡುಕಲು ಬಂದವರು ಇಂಥ ಇಂಜಿನ್ನಿನದೇ ಎಂದು ಹೇಳಲಾರರು.

ಆಯಿ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ಮೊರದ ಸದ್ದು ನಿಂತಿತು. ಕಾಕಾ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಸದ್ದು ಮತ್ತೆ ಶುರುವಾಯಿತು. ಕಾಕಾ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟು, ಗಾಡಿಗೆ ಪೆಟ್ರೋಲು ಹಾಕಿಸಬೇಕು ಎಂದು ಎದ್ದುಹೋದ. ಪೆಟ್ರೋಲನ್ನು ಅವನು ಬೆಳಿಗ್ಗೆಯೇ ಹಾಕಿಸಿದ್ದ.

ಮುತ್ಯಾನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವನು ತೀರಿಕೊಂಡ. ಮನೆಯ ಕಥೆಯಲ್ಲಿ ಅವನೇ ನಾಯಕನಾದರೂ ಆ ಕಥೆಯನ್ನು ಅವನ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಅವನು ಹೇಳುತ್ತಿದ್ದುದು ನೀರಿನ ವಿಷಯ. ಕಣಿಯ ಬಾವಿಯದು ಸವಳು ನೀರು, ಅದನ್ನು ಕುಡಿಸಿದರೆ ಬಾಯ್ಲರಿನೊಳಗೆ ಸುಣ್ಣದ ಹಾಗೆ ಪದರುಗಟ್ಟಿ ಅದರ ಹೊಟ್ಟೆ ಕೆಡುತ್ತಿತ್ತಂತೆ. ಅದಕ್ಕೆ ಬೆಳಗಿನ ಜಾವ ದೂರದ ಸಿಹಿನೀರಿನ ಬಾವಿಯಿಂದ ಬಂಡಿಯಲ್ಲಿ ಪೀಪಾಯಿ ಹೇರಿ ತರುತ್ತಿದ್ದನಂತೆ. "ಮನ್ಯಾಗಿನ ಮಂದಿ ಸವಳ ಕುಡೀಲಿ, ಅದಕ್ಕ ಮಾತ್ರ ಸಿಹಿನೀರು," ಎಂದು ಆಯಿ ಈಗಲೂ ದೂರುತ್ತಾಳೆ. ಇನ್ನೊಂದು: ಇಂಜಿನ್ನು ಒಡೆದರು ಎನ್ನುವುದನ್ನು ಅವನು ನಂಬುತ್ತಿರಲಿಲ್ಲ. ಯಾದಗಿರಿಗೆ ಹೋದಾಗಲೆಲ್ಲ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡುಗಳನ್ನು ನಿಲ್ಲಿಸಿ, ಹಸಿರು ಬಣ್ಣದ ಸಣ್ಣ ಇಂಜಿನ್ನು ಎಲ್ಲಾದರೂ ನೋಡಿದಿರೇನು ಎಂದು ಕೇಳುತ್ತಿದ್ದ. ಹಾಸಿಗೆ ಹಿಡಿದ ಮೇಲೂ, "ಎಲ್ಲಿ ಹೋತೋ ಅದು," ಎನ್ನುತ್ತಿದ್ದ. ಬಂದವರು ಯಾವುದೋ ಕಳೆದ ಆಕಳ ವಿಷಯ ಎಂದುಕೊಳ್ಳುತ್ತಿದ್ದರು.

ಆ ಭಾನುವಾರ ಕಳೆದ ಮರುದಿನ ಬೆಳಿಗ್ಗೆ ಆಯಿ ನನ್ನ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಕೇಳಬೇಕಾದ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹಿಟ್ಟು ಹತ್ತಿದ ಕೈಗಳನ್ನು ನೋಡುತ್ತ ಯಾಕೋ ಪಾಟೀಸವಾಲು ಮಾಡಲಾಗಲಿಲ್ಲ. ಅವಳೇ ಮಾತು ತೆಗೆದಳು.

"ನಿನ್ನ ಇಂಗ್ಲೆಂಡ್ ಮುತ್ಯಾಗ ಎಲ್ಲಾ ಅಂಕಿ ಬೇಕೇನು?"

"ಎಲ್ಲಾ ಸಿಕ್ರ ಚಲೋ. ಒಂದೆರಡು ಸಿಕ್ಕರೂ ನೋಡ್ತೀನಿ ಅಂದಾರ."

"ಕಡೀದು ಕುಡಗೋಲಿನಂಗ ಇತ್ತು."

ಆಯಿಗೆ ಓದು ಬರೆಹ ಬರುವುದಿಲ್ಲ. ಬಸ್ಸಿನ ಬೋರ್ಡನ್ನು ಬಣ್ಣದ ಮೇಲೆ ಗುರುತಿಸುತ್ತಾಳೆ.

"ಹೆಂಗಂದ್ರ ಹೆಂಗ ಆಯಿ?"

ಅವಳು ಪರಾತದಲ್ಲಿ ಹರಡಿದ್ದ ಜೋಳದ ಹಿಟ್ಟಿನ ಮೇಲೆ ತೋರುಬೆರಳಿನಿಂದ ಎಳೆದಳು. ಮೇಲೆ ಒಂದು ಅಡ್ಡಗೆರೆ, ಅಲ್ಲಿಂದ ಕೆಳಕ್ಕೆ ಒಂದು ಸೊಟ್ಟ ಕಾಲು. ಇಂಗ್ಲಿಷಿನ ಏಳು. ಅದರಲ್ಲಿ ಅನುಮಾನವೇ ಇರಲಿಲ್ಲ.

"ಅದಕ್ಕಿಂತ ಮೊದಲಿನವು?"

"ಅವು ನೆನಪಿಲ್ಲ. ಇದು ಕಡೀಕ ಉಳದಿತ್ತು," ಎಂದಳು. ಅಂಗೈಯಿಂದ ಹಿಟ್ಟನ್ನು ಒಮ್ಮೆ ಸವರಿದಳು. ಏಳು ಹೋಯಿತು. ಅದೇ ಹಿಟ್ಟಿನ ಮೇಲೆ ಮುಂದಿನ ರೊಟ್ಟಿ ಬಡಿದಳು.

ಭೀಮಾ ಸೇತುವೆ ದಾಟುವಾಗ ಬಸ್ಸಿನಲ್ಲೇ ಮೊಬೈಲಿನಿಂದ ಬರೆದೆ: ಕೊನೆಯ ಅಂಕಿ ಏಳು, ಸಾಕ್ಷಿ ನನ್ನ ಅಜ್ಜಿ, ಆಕೆಯ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ. ಹಾಗೆ ನಾನು ಯಾರ ಬಗ್ಗೆಯೂ ಹಿಂದೆ ಬರೆದಿರಲಿಲ್ಲ.

ಉತ್ತರಕ್ಕೆ ವಾರ ಹಿಡಿಯಿತು. ಈ ನಮೂನೆಯ ಇಂಜಿನ್ನುಗಳಲ್ಲಿ ಮುಂಬಯಿಯ ಏಜೆಂಟನ ಮೂಲಕ ಹೋದವು ಮೂರೇ. ಅವುಗಳಲ್ಲಿ ಏಳರಿಂದ ಮುಗಿಯುವುದು ಒಂದೇ. ಮಾಸ್ತರರು ಪುಸ್ತಕದ ಪುಟಗಳ ಚಿತ್ರ ಕಳಿಸಿದ್ದರು. ಕಡು ಹಸಿರು ಬಣ್ಣ. ಯಾರೂ ಕೇಳದೆ ಕಟ್ಟಿಟ್ಟದ್ದು; ಕೆಲವು ತಿಂಗಳು ಗಿರಾಕಿಯಿಲ್ಲದೆ ಅಂಗಳದಲ್ಲೇ ನಿಂತಿತ್ತು. ಮೊದಲು ಒಂದು ಬಂದರಿನ ಕೆಲಸಕ್ಕೆ, ಆಮೇಲೆ ಕೈ ಬದಲಾಗುತ್ತ ನಮ್ಮ ಕಡೆಗೆ. ಇನ್ನೊಂದು ಪುಸ್ತಕ ಬಿಡಿಭಾಗಗಳದು. ಅದರಲ್ಲಿ ಬಾಯ್ಲರಿನ ಕೊಳವೆಗಳನ್ನು ಮತ್ತೆ ಮತ್ತೆ ತರಿಸಿದ್ದು ಬರೆದಿದೆ, ಮುತ್ಯಾ ಸಿಹಿನೀರು ತರುವ ಮುಂಚಿನ ಸವಳು ನೀರಿನ ಗುರುತಿರಬೇಕು. ಕಳಿಸಬೇಕಾದ ವಿಳಾಸ ಯಾದಗಿರಿ ಸ್ಟೇಷನ್. ಸಾವಿರಾರು ಮೈಲಿಯಾಚೆಯ ಯಾವುದೋ ಗುಮಾಸ್ತ, ತನ್ನ ನಾಲಿಗೆಗೆ ತಿರುಗಿದ ಹಾಗೆ ನಮ್ಮ ಸ್ಟೇಷನ್ನಿನ ಹೆಸರು ಬರೆದುಕೊಂಡಿದ್ದ. ನಾನು ಆ ಸಾಲನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ.

ಆ ಇಂಜಿನ್ನಿನ ಹೆಸರಿನಲ್ಲಿ ಇರುವ ಕೊನೆಯ ದಾಖಲೆ ಒಂದೂವರೆ ಸಾಲಿನದು. ಹಿತ್ತಾಳೆ ಬಿಲ್ಲೆ ಒಂದು, ನಂಬರು ಸಹಿತ, ಕಳೆದುಹೋದದ್ದರ ಬದಲಿಗೆ. ಕಳಿಸಬೇಕಾದ ವಿಳಾಸ ಮದ್ರಾಸ್ ಕಡೆಯ ಒಂದು ಸಕ್ಕರೆ ಕಾರ್ಖಾನೆ.

ಅಂದರೆ ಒಡೆದಿರಲಿಲ್ಲ. ಗುತ್ತೇದಾರ ಅದನ್ನು ಸಕ್ಕರೆ ಕಾರ್ಖಾನೆಗೆ ಮಾರಿದ್ದ. ಮುತ್ಯಾ ಕಟ್ಟಕಡೆಯವರೆಗೆ ಹಿಡಿದ ಹಟ ಸರಿಯಾಗಿತ್ತು. ಮತ್ತು, ಇನಾಮು ಕೊಟ್ಟವನು ಕಳೆದಿದೆ ಎಂದು ಬರೆಸುವುದಿಲ್ಲ. ಒಂದೇ ಸಾಲು ಅವನನ್ನು ಗೆಲ್ಲಿಸಿತು, ಅದೇ ಸಾಲು ಸೋಲಿಸಿತು. ಇದು ಪೂರ್ತಿ ಪುರಾವೆಯಲ್ಲ ಎಂದು ನನ್ನಂಥವಳು ವಾದಿಸಬಹುದು. ಇನಾಮು ಕೊಟ್ಟ ಮೇಲೆ ಕೊಂಡವನು ಬಿಲ್ಲೆ ಎಲ್ಲಿ ಎಂದಿರಬಹುದು, ಗುಮಾಸ್ತ ಸುಲಭದ ಮಾತು ಬರೆದಿರಬಹುದು. ವಾದ ನಿಲ್ಲುತ್ತದೆ. ಆದರೆ ಅರದ ಗೆರೆಗಳನ್ನು ಕಂಡ ಮೇಲೆ ಆ ವಾದವನ್ನು ನಾನೇ ನಂಬಲಿಲ್ಲ.

ಮುಂದಿನ ಶನಿವಾರ ಆಯಿಗೆ ಮೊದಲು ಒಳ್ಳೆಯ ಅರ್ಧ ಹೇಳಿದೆ.

"ಇಂಜಿನ್ನು ಒಡದಿಲ್ಲ ಆಯಿ. ಮದ್ರಾಸ್ ಕಡಿ ಸಕ್ಕರಿ ಕಾರ್ಖಾನಿಗಿ ಹೋಗ್ಯದ. ಕಬ್ಬು ಎಳದದ."

"ಖರೇನ?"

"ಖರೇ. ಪುಸ್ತಕದಾಗ ಬರದಾರ."

"ಖರೇನ ಬೇ?" ಮತ್ತೆ ಕೇಳಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಕೈ ಒದ್ದೆಯಿರಲಿಲ್ಲ. "ಆ ಕಡಿ ನೀರು ಸಿಹಿ ಅದಾವಂತೇನು?" ಎಂದಳು.

ಸಿಹಿಯೇ ಇರಬೇಕು ಎಂದೆ. ನನಗೆ ಗೊತ್ತಿಲ್ಲದ್ದನ್ನು ಹೇಳಿದ್ದು ಈ ವ್ಯವಹಾರದಲ್ಲಿ ಅದೊಂದೇ.

ಆಮೇಲೆ ಉಳಿದ ಅರ್ಧ. "ಬಿಲ್ಲಿ ಕಳದದ, ಇನ್ನೊಂದು ಕಳಸ್ರಿ ಅಂತ ಬರಸ್ಯಾರ."

"ಕಳದದ ಅಂತ ಬರಸ್ಯಾರ. ಕದ್ದಾರ ಅಂತ ಬರಸಿಲ್ಲಲ್ಲ."

"ಇಲ್ಲ."

"ಇನ್ನೇನು ಮತ್ತ." ಅವಳು ಎದ್ದು ಚಹಕ್ಕೆ ಇಟ್ಟಳು. ಎದುರು ಕಟ್ಟೆಯ ಅಜ್ಜನಿಗೂ ಒಂದು ಕಪ್ಪು ಹೆಚ್ಚಿಗೆ ಇಟ್ಟು, ತಾನೇ ಒಯ್ದು ಕೊಟ್ಟು, ಇಂಜಿನ್ನು ಮದ್ರಾಸಿಗೆ ಹೋದ ಸುದ್ದಿ ಹೇಳಿ ಬಂದಳು. ಬಿಲ್ಲೆಯ ಸುದ್ದಿ ಹೇಳಿದಳೋ ಇಲ್ಲವೋ ನನಗೆ ಕೇಳಿಸಲಿಲ್ಲ. ಅಜ್ಜ ಮಾತ್ರ ಅಂದು ಕಳವಿನ ಮಾತೆತ್ತದೆ ಚಹ ಕುಡಿದ.

ಚೀಟಿ ಬರೆಯಲು ಎರಡು ದಿನ ಹಿಡಿಯಿತು. ಎರಡು ಗಂಟೆಗಳ ವಾದಕ್ಕೆ ಐದು ನಿಮಿಷದಲ್ಲಿ ತಯಾರಾಗುವವಳಿಗೆ ನಾಲ್ಕು ಸಾಲಿಗೆ ಎರಡು ದಿನ. 'ಇನಾಮು' ಎಂದು ಒಮ್ಮೆ ಬರೆದೆ, ಹೊಡೆದು ಹಾಕಿದೆ. 'ಎಂದು ಮನೆಯವರ ನಂಬಿಕೆ' ಎಂದು ಸೇರಿಸಿದೆ. ಅದು ಕೋರ್ಟಿನ ಭಾಷೆ, ಆಯಿಯ ಬೆನ್ನಿಗೆ ನಿಂತು ಕಣ್ಣು ಮಿಟುಕಿಸಿದ ಹಾಗೆ. ಅದನ್ನೂ ತೆಗೆದೆ.

ಸುರಪುರಕ್ಕೆ ಹೊರಡುವ ಬೆಳಿಗ್ಗೆ ಬಿಲ್ಲೆಯನ್ನು ಆಯಿ ಕೊನೆಯ ಸಲ ತಂದು ಅಂಗಳದಲ್ಲಿ ಕೂತಳು. ದಸರೆಯಲ್ಲ, ಪೂಜೆಯಲ್ಲ, ಆದರೂ ಬೂದಿ ತಂದಿದ್ದಳು. ತಿಕ್ಕುತ್ತಲೇ, "ಏನು ಬರದೀ, ಓದು," ಎಂದಳು.

ಓದಲು ಬಾರದವಳಿಗೆ ಓದಿ ಹೇಳುವಾಗ ಏನನ್ನಾದರೂ ಸೇರಿಸಬಹುದು. ಆ ಕೋಣೆಗೆ ಅವಳು ಹೋದರೂ ಗೋಡೆಯ ಮೇಲಿನ ಅಕ್ಷರ ಅವಳಿಗೆ ಏನೂ ಹೇಳುವುದಿಲ್ಲ. ಇದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಓದಿದೆ:

"ಎರಡು ಅಡಿ ಹಳಿಯ ಮೇಲೆ ಶಹಾಪುರದ ಗುಡ್ಡದಿಂದ ಕಲ್ಲು ಎಳೆದ ಇಂಗ್ಲೆಂಡಿನ ಉಗಿ ಇಂಜಿನ್ನಿನ ಬಿಲ್ಲೆ. ನಂಬರು ಅಳಿಸಿದೆ, ಕೊನೆಯ ಅಂಕಿ ಏಳು ಎಂಬುದು ಈ ಮನೆಯ ಹಿರಿಯಳ ನೆನಪಿನಿಂದ ತಿಳಿಯಿತು. ಇಂಜಿನ್ನು ಇಲ್ಲಿಂದ ಒಂದು ಸಕ್ಕರೆ ಕಾರ್ಖಾನೆಗೆ ಹೋಯಿತು. ಅದಕ್ಕೆ ಸಿಹಿನೀರು ಹೊತ್ತವನ ಮನೆಯಲ್ಲಿ ಈ ಬಿಲ್ಲೆ ಉಳಿಯಿತು."

ಆಯಿಯ ಕೈ ಉಬ್ಬಿದ ಅಕ್ಷರಗಳ ಮೇಲೆ ಗುಂಡಗೆ ತಿರುಗುತ್ತಿತ್ತು. ನಡುವಿನ ನುಣುಪಾದ ಜಾಗವನ್ನು ಅದು ಮುಟ್ಟುತ್ತಿರಲಿಲ್ಲ. ಹಿಂದೆಯೂ ಹೀಗೆಯೇ ತಿಕ್ಕುತ್ತಿದ್ದಳೇನೋ. ನಾನು ನೋಡಿದ್ದು ಅಂದೇ.

"ಇನಾಮು ಅಂತ ಎಲ್ಲದ?"

"ಇಲ್ಲ ಆಯಿ. ಅದು ನನಗ ಬರೀಲಾಕ ಬರಲಿಲ್ಲ."

ಅವಳು ತಂಬಿಗೆಯಿಂದ ನೀರು ಸುರಿದಳು. ಬೂದಿ ಹರಿದು ಹೋಯಿತು, ಬಿಲ್ಲೆ ಬಿಸಿಲಿಗೆ ಮಿನುಗಿತು. "ಕುಡಗೋಲು ಹಾಕೀಯಲ್ಲ?"

"ಹಾಕೀನಿ."

"ಸಿಹಿನೀರೂ ಹಾಕೀ."

"ಹೂಂ."

ಸೆರಗಿನಿಂದ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಅವಳು ಬಿಲ್ಲೆಯನ್ನು ನನ್ನ ಮಡಿಲಿಗಿಟ್ಟಳು. ಸಿಟ್ಟಾದಂತೆ ಕಾಣಲಿಲ್ಲ, ಸಮಾಧಾನವಾದಂತೆಯೂ ಕಾಣಲಿಲ್ಲ. ಸುರಪುರದ ಬಸ್ಸಿನ ಹಾರ್ನು ಓಣಿಯ ತಿರುವಿನಲ್ಲಿ ಕೇಳಿತು. ನಾನು ಎದ್ದೆ, ಹೊಸ್ತಿಲು ದಾಟಿದೆ, ಮತ್ತೆ ತಿರುಗಿ ಬಂದೆ. ಅವಳು ಬೂದಿ ಹತ್ತಿದ ಕೈ ತೊಳೆಯುತ್ತಿದ್ದಳು.

"ಆಯಿ, ಏಳು ಕಡೀಕ ಉಳದಿತ್ತು ಅಂದಿ. ಆ ನಂಬರು ಉಜ್ಜಿ ಅಳಿಸಿದಾಕಿ ನೀನಾ ಆಗಿದ್ರ, ಕುಡಗೋಲಿನ ಮಾತು ನನಗ ಯಾಕ ಹೇಳಿದಿ?"